ಕೊನೆಗೆ ಅವರಿಬ್ಬರನ್ನು ಸೇರಿಸಬಾರದಿತ್ತಾ?

ನನಗೆ ಹಳೆಯ ಹಾಲಿವುಡ್ ಚಿತ್ರಗಳ ಹುಚ್ಚು ಎಂದು ಗೊತ್ತಿರುವವರು ಆಗಾಗ ‘ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಒಂದು ಹೇಳು’ ಅನ್ನುತ್ತಾರೆ. ನಾನು ಹೇಳುವ ಹೆಸರು ಒಂದೇ: 1937ರ ‘ಮೇಕ್ ವೇ ಫಾರ್ ಟುಮಾರೋ’. ಎರಡು ದಿನ ಕಳೆದು ಫೋನು ಬರುತ್ತದೆ. ಮೊದಲು ಬೈಗುಳ. ‘ತಮಾಷೆ ಸಿನಿಮಾ ಅಂದೆ, ನಮ್ಮಮ್ಮ ರಾತ್ರಿ ಊಟ ಮಾಡಲಿಲ್ಲ.’ ಆಮೇಲೆ ಪ್ರಶ್ನೆ. ‘ಅಲ್ಲಯ್ಯಾ, ಕೊನೆಗೆ ಆ ಮುದುಕ ಮುದುಕಿಯನ್ನು ಸೇರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?’

ಹೀಗೆ ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಪ್ಯಾರಮೌಂಟ್ ಕಂಪನಿಯ ದೊಡ್ಡ ಯಜಮಾನ ಅಡಾಲ್ಫ್ ಜೂಕರ್ ಕೂಡ ಇದನ್ನೇ ಕೇಳಿದ್ದ. ಕೊನೆಯನ್ನು ಸ್ವಲ್ಪ ಸಿಹಿ ಮಾಡು, ಜನ ಟಿಕೆಟ್ ಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ನಿರ್ದೇಶಕ ಲಿಯೋ ಮೆಕೇರಿ ಜಗ್ಗಲಿಲ್ಲ. ಜನ ಟಿಕೆಟ್ ಕೊಳ್ಳಲಿಲ್ಲ. ಕಂಪನಿ ಮೆಕೇರಿಯನ್ನು ಮನೆಗೆ ಕಳಿಸಿತು. ವ್ಯಾಪಾರದ ಮಟ್ಟಿಗೆ ಜೂಕರ್ ಹೇಳಿದ್ದೇ ಸರಿ ಅನ್ನಬೇಕು.

ನೋಡದವರಿಗಾಗಿ ಕಥೆ ಇಷ್ಟು. ಬಾರ್ಕ್ ಮತ್ತು ಲೂಸಿ ಕೂಪರ್‌ಗೆ ಮದುವೆಯಾಗಿ ಐವತ್ತು ವರ್ಷ. ಬಾರ್ಕ್‌ಗೆ ಕೆಲಸ ಹೋಗಿ ನಾಲ್ಕು ವರ್ಷವಾಗಿದೆ, ಸಾಲದ ಮನೆ ಬ್ಯಾಂಕಿನ ಪಾಲಾಗಿದೆ. ಐವರು ಮಕ್ಕಳಲ್ಲಿ ನಾಲ್ವರನ್ನು ಕರೆಸಿ ವಿಷಯ ತಿಳಿಸುತ್ತಾರೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವಷ್ಟು ಜಾಗ ಯಾರ ಮನೆಯಲ್ಲೂ ಇಲ್ಲ. ಅಮ್ಮ ನ್ಯೂಯಾರ್ಕಿನ ಹಿರಿಮಗ ಜಾರ್ಜ್‌ನ ಫ್ಲ್ಯಾಟಿಗೆ, ಅಪ್ಪ ಮಗಳು ಕೋರಾಳ ಮನೆಗೆ. ಮೂರು ತಿಂಗಳ ಮಾತು ಅಷ್ಟೇ, ಆಮೇಲೆ ಇಬ್ಬರನ್ನೂ ನಾನು ಕರೆದುಕೊಳ್ಳುತ್ತೇನೆ ಎಂದು ಇನ್ನೊಬ್ಬ ಮಗಳು ನೆಲ್ಲಿ ಹೇಳುತ್ತಾಳೆ. ಗಂಡನನ್ನು ಇನ್ನೂ ಕೇಳಿರುವುದಿಲ್ಲ. ಆ ಮೂರು ತಿಂಗಳು ಮುಗಿಯುವುದೇ ಇಲ್ಲ.

ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾನೂನು ಆದದ್ದು 1935ರಲ್ಲಿ. ಅದರ ತಿಂಗಳ ಪಿಂಚಣಿ ಜನರ ಕೈಗೆ ಬರತೊಡಗಿದ್ದು 1940ರಲ್ಲಿ. ಚಿತ್ರ ನಿಂತಿರುವುದು ಈ ಎರಡರ ನಡುವಿನ ಸಂದಿಯಲ್ಲಿ. ಮನೆ ಹೋದರೆ ಮಕ್ಕಳು, ಮಕ್ಕಳೂ ಇಲ್ಲವೆಂದರೆ ವೃದ್ಧಾಶ್ರಮ.

ತಮಾಷೆ ಸಿನಿಮಾ ಅಂದದ್ದಕ್ಕೆ ಬೈಸಿಕೊಂಡೆನಲ್ಲ, ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೆಕೇರಿ ಲಾರೆಲ್ ಮತ್ತು ಹಾರ್ಡಿ ಜೋಡಿಯನ್ನು ಬೆಳೆಸಿದವರಲ್ಲಿ ಒಬ್ಬ. ಮಾರ್ಕ್ಸ್ ಸೋದರರೆಂಬ ಹಾಸ್ಯನಟರ ‘ಡಕ್ ಸೂಪ್’ ಮಾಡಿದವನೂ ಅವನೇ. ನಗು ಯಾವ ಕ್ಷಣದಲ್ಲಿ ಬರಬೇಕು, ಯಾವಾಗ ಗಂಟಲಲ್ಲೇ ನಿಲ್ಲಬೇಕು ಎಂಬುದು ಅವನಿಗೆ ಕರತಲಾಮಲಕ. ಜಾರ್ಜ್‌ನ ಹೆಂಡತಿ ಅನಿಟಾ ಮನೆಯಲ್ಲಿ ಬ್ರಿಜ್ ಇಸ್ಪೀಟಿನ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ಸಂಜೆ ಕೋಟು ಗೌನು ತೊಟ್ಟ ಮಂದಿ ಆಟಕ್ಕೆ ಕೂತಿರುವಾಗ ಲೂಸಿ ಬಂದು ತನ್ನ ತೂಗುಕುರ್ಚಿಯಲ್ಲಿ ಕೂರುತ್ತಾಳೆ. ಕಿರ್... ಕಿರ್... ನಾವು ನಗುತ್ತೇವೆ. ಅಷ್ಟರಲ್ಲಿ ಬಾರ್ಕ್‌ನ ಫೋನು. ದೂರದೂರಿಗೆ ಕೇಳಬೇಕಲ್ಲ ಎಂದು ಲೂಸಿ ಕಿರುಚಿಯೇ ಮಾತಾಡುತ್ತಾಳೆ. ಆಟಗಾರರು ತಿರುಗಿ ನೋಡುತ್ತಾರೆ, ಮುಸಿಮುಸಿ ನಗು. ಬೆಚ್ಚಗಿರು ಎನ್ನುತ್ತಾಳೆ, ಫೋನಿಗೆ ದುಡ್ಡು ಸುರಿದೆಯಲ್ಲ ಎಂದು ಗದರುತ್ತಾಳೆ. ಒಬ್ಬೊಬ್ಬರಾಗಿ ಇಸ್ಪೀಟು ಎಲೆ ಕೆಳಗಿಡುತ್ತಾರೆ. ಫೋನು ಇಟ್ಟಾಗ ಕೋಣೆಯಲ್ಲಿ ಉಸಿರಿನ ಸದ್ದೂ ಇಲ್ಲ. ಬಾರ್ಕ್‌ನ ದನಿ ನಮಗೆ ಒಂದು ಸಲವೂ ಕೇಳಿಸುವುದಿಲ್ಲ, ಗಮನಿಸಿ. ಎಲ್ಲವೂ ಈ ತುದಿಯ ಮುಖಗಳಲ್ಲೇ ನಡೆದುಹೋಗುತ್ತದೆ.

ಲೂಸಿಯಾಗಿ ನಟಿಸಿದ ಬ್ಯೂಲಾ ಬೋಂಡಿಗೆ ಆಗ ಐವತ್ತೂ ತುಂಬಿರಲಿಲ್ಲ. ಅವಳ ಮಗ ಜಾರ್ಜ್ ಆದ ಥಾಮಸ್ ಮಿಚೆಲ್ ಅವಳಿಗಿಂತ ಬರೀ ಮೂರು ನಾಲ್ಕು ವರ್ಷ ಚಿಕ್ಕವನು. ಬಣ್ಣ ಹಚ್ಚಿ ಮುದುಕಿಯಾಗುವುದು ಸುಲಭ, ಆದರೆ ಬೋಂಡಿಯ ಮುಪ್ಪು ಇರುವುದು ಕೈ ಇಡುವ ರೀತಿಯಲ್ಲಿ, ಬೇರೆಯವರ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದ ನಡಿಗೆಯಲ್ಲಿ. ಬಾರ್ಕ್ ಆದ ವಿಕ್ಟರ್ ಮೂರ್ ನಾಟಕರಂಗದ ಹಾಸ್ಯನಟ. ಅವನಿಂದ ಯಾರೂ ಇಂಥ ಪಾತ್ರ ನಿರೀಕ್ಷಿಸಿರಲಿಲ್ಲ. ಮೂಲ ಜೋಸೆಫೀನ್ ಲಾರೆನ್ಸ್‌ರ ಕಾದಂಬರಿ, ಚಿತ್ರಕಥೆ ವಿನ್ಯಾ ಡೆಲ್ಮಾರ್‌ರದ್ದು. ಮೆಕೇರಿ ಇದನ್ನು ಕೈಗೆತ್ತಿಕೊಂಡದ್ದು ತನ್ನ ತಂದೆ ತೀರಿಕೊಂಡ ಹೊಸತರಲ್ಲಿ.

ಈಗ ಪ್ರಶ್ನೆಗೆ ಬರುತ್ತೇನೆ. ಸೇರಿಸಬೇಕು, ಸರಿ. ಎಲ್ಲಿ ಸೇರಿಸುವುದು? ಯಾರ ಮನೆಯಲ್ಲಿ?

ಚಿತ್ರ ಶುರುವಿನಿಂದ ಮಾಡುತ್ತಾ ಬಂದದ್ದು ಇದೊಂದೇ ಕೆಲಸ, ಹಾಸಿಗೆ ಎಣಿಸುವುದು. ಜಾರ್ಜ್‌ನ ಮನೆಯಲ್ಲಿ ಅಜ್ಜಿ ಮಲಗುವುದು ಹದಿಹರೆಯದ ಮೊಮ್ಮಗಳ ಕೋಣೆಯಲ್ಲಿ. ಅಜ್ಜಿ ಇರುತ್ತಾಳೆಂದು ಆ ಹುಡುಗಿ ಗೆಳೆಯರನ್ನು ಮನೆಗೆ ಕರೆಯುವುದನ್ನೇ ಬಿಡುತ್ತಾಳೆ. ಕೋರಾಳ ಮನೆಯಲ್ಲಿ ಅಪ್ಪನಿಗೆ ಸೋಫಾ. ನೆಗಡಿ ಜ್ವರ ಬಂದು ಡಾಕ್ಟರು ಬರುತ್ತಾರೆ ಎಂದಾಗ ಮಗಳು ಅವನನ್ನು ಎಬ್ಬಿಸಿ ಗಡಿಬಿಡಿಯಲ್ಲಿ ತನ್ನ ಮಂಚಕ್ಕೆ ಸಾಗಿಸುತ್ತಾಳೆ! ನಗು ಬರುತ್ತದೆ. ನಮ್ಮಲ್ಲೂ ನೆಂಟರು ಬರುವ ದಿನ ಮಾತ್ರ ಹೊಸ ಬೆಡ್‌ಶೀಟ್ ಕಾಣುವ ಮಂಚಗಳು ಎಷ್ಟಿಲ್ಲ? ಕೋರಾ ಸಿಡುಕಿ, ಒಪ್ಪುತ್ತೇನೆ. ಆದರೆ ರಾಕ್ಷಸಿ ಅಲ್ಲ. ಅನಿಟಾ ಅಂತೂ ತಾಳ್ಮೆಯ ಹೆಣ್ಣು. ಲೂಸಿ ಕೂಡ ಮೂಗು ತೂರಿಸುವವಳೇ; ಬಾರ್ಕ್ ಕೂಡ ಹಟಮಾರಿಯೇ. ಇಂಥ ಚಿತ್ರದಲ್ಲಿ ಯಾರನ್ನು ತಿದ್ದಿ ಸುಖಾಂತ್ಯ ಮಾಡುತ್ತೀರಿ?

ಕನ್ನಡದವರಿಗೆ ಇದೇ ಜಾಡಿನ ಕಥೆ ಗೊತ್ತು. 1958ರಲ್ಲಿ ಬಿ. ಆರ್. ಪಂತುಲು ಮಾಡಿದ ‘ಸ್ಕೂಲ್ ಮಾಸ್ಟರ್’. ಅಲ್ಲಿಯೂ ಮುಪ್ಪಿನಲ್ಲಿ ಗಂಡ ಹೆಂಡತಿಯನ್ನು ಮಕ್ಕಳು ಬೇರೆ ಮಾಡುತ್ತಾರೆ. ಎಂ. ವಿ. ರಾಜಮ್ಮನ ಮುಖ ನೆನೆದರೆ ಈಗಲೂ ಕರುಳು ಚುರ್ ಎನ್ನುತ್ತದೆ. ಆದರೆ ಮೇಷ್ಟರಿಗೆ ಶಿಷ್ಯನಿದ್ದಾನೆ. ದೊಡ್ಡ ಅಧಿಕಾರಿಯಾದ ಆ ಹಳೆಯ ಹುಡುಗ ಬಂದು ಗುರುವಿನ ಋಣ ತೀರಿಸುತ್ತಾನೆ. ಅದು ನಮ್ಮ ನಂಬಿಕೆಯ ಕಥೆ: ಹೊಟ್ಟೆಯಲ್ಲಿ ಹುಟ್ಟಿದವರು ಕೈಬಿಟ್ಟರೂ ವಿದ್ಯೆ ಕೊಟ್ಟದ್ದು ಕೈಬಿಡುವುದಿಲ್ಲ. ನನಗೆ ಅದೂ ಇಷ್ಟ. ಬಾರ್ಕ್‌ಗೆ ಅಂಥ ಶಿಷ್ಯನಿಲ್ಲ. ಲೆಕ್ಕಪತ್ರ ಬರೆಯುತ್ತಿದ್ದ ಗುಮಾಸ್ತನಿಗೆ ಋಣಿಯಾಗಿರುವವರು ಯಾರು?

ಅವನಿಗಿರುವುದು ರೂಬೆನ್ಸ್ ಎಂಬ ಯಹೂದಿ ಅಂಗಡಿಯವನ ಸ್ನೇಹ. ಬಾರ್ಕ್‌ನ ಕನ್ನಡಕ ಒಡೆದಿರುತ್ತದೆ, ಹೆಂಡತಿಯ ಕಾಗದವನ್ನು ರೂಬೆನ್ಸ್ ಓದಿ ಹೇಳುತ್ತಾನೆ. ಓದುತ್ತಾ ಓದುತ್ತಾ ಅವನಿಗೇ ತಡೆಯುವುದಿಲ್ಲ. ಬಾರ್ಕ್ ಹೋದ ಮೇಲೆ ಒಳಗಿದ್ದ ತನ್ನ ಹೆಂಡತಿಯನ್ನು ಕೂಗಿ ಕರೆಯುತ್ತಾನೆ. ಕೆಲಸವೇನೂ ಇಲ್ಲ, ಅವಳು ಇದ್ದಾಳಾ ಎಂದು ನೋಡಬೇಕಾಗಿತ್ತು ಅಷ್ಟೇ.

ಕೊನೆಗೆ ಬಾರ್ಕ್‌ನನ್ನು ಕ್ಯಾಲಿಫೋರ್ನಿಯಾದ ಮಗಳ ಹತ್ತಿರ ಕಳಿಸುವುದೆಂದು ಆಗುತ್ತದೆ, ಅಲ್ಲಿ ಒಬ್ಬರಿಗಷ್ಟೇ ಜಾಗ. ಲೂಸಿಗೆ ವೃದ್ಧಾಶ್ರಮ. ಜಾರ್ಜ್ ಆ ಮಾತು ಎತ್ತಲಾರದೆ ತೊದಲುತ್ತಿರುವಾಗ ಅವಳೇ ‘ನನಗೆ ಅಲ್ಲಿಗೆ ಹೋಗುವ ಆಸೆ’ ಎಂದುಬಿಡುತ್ತಾಳೆ. ಅಪ್ಪನಿಗೆ ಮಾತ್ರ ಹೇಳಬೇಡ ಎನ್ನುತ್ತಾಳೆ. ಮಗನಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟ ತಾಯಿ ಅವಳು.

ರೈಲಿಗೆ ಮುಂಚೆ ಗಂಡಹೆಂಡಿರಿಗೆ ನ್ಯೂಯಾರ್ಕಿನಲ್ಲಿ ಕೆಲವು ಗಂಟೆ ಸಿಗುತ್ತದೆ. ಮಕ್ಕಳು ಊಟಕ್ಕೆ ಕಾಯುತ್ತಿದ್ದಾರೆ, ಇವರು ಹೋಗುವುದಿಲ್ಲ. ಐವತ್ತು ವರ್ಷದ ಹಿಂದೆ ಮಧುಚಂದ್ರಕ್ಕೆ ಬಂದ ಹೋಟೆಲಿಗೆ ಹೋಗುತ್ತಾರೆ. ಕಾರು ಮಾರುವವನೊಬ್ಬ ಇವರನ್ನು ಗಿರಾಕಿಗಳೆಂದು ತಿಳಿದು ಕೂರಿಸಿಕೊಂಡು ಬಂದವನು, ನಿಜ ಗೊತ್ತಾದರೂ ಮುಖ ಗಂಟಿಕ್ಕದೆ ಬಾಗಿಲಿಗೆ ಬಿಟ್ಟು ಹೋಗುತ್ತಾನೆ. ಹೋಟೆಲಿನ ಮ್ಯಾನೇಜರ್ ಉಪಚರಿಸುತ್ತಾನೆ. ಹೊಸ ಕಾಲದ ಕುಣಿತಕ್ಕೆ ಹೆಜ್ಜೆ ತಿಳಿಯದೆ ನಿಂತಾಗ ವಾದ್ಯಗಾರರ ಮುಖ್ಯಸ್ಥ ನೋಡಿ ಹಳೆಯ ಕಾಲದ ವಾಲ್ಟ್ಸ್ ಕುಣಿತದ ಧಾಟಿ ನುಡಿಸಲು ಹೇಳುತ್ತಾನೆ. ಅಪರಿಚಿತರೆಲ್ಲ ಕರುಣೆಯುಳ್ಳವರೇ, ಒಂದು ಸಂಜೆಯ ಕರುಣೆಗೆ ಹೆಚ್ಚುವರಿ ಕೋಣೆ ಬೇಕಿಲ್ಲ ನೋಡಿ.

ಅದೇ ವರ್ಷ ಮೆಕೇರಿ ಕೊಲಂಬಿಯಾ ಕಂಪನಿಗಾಗಿ ‘ದಿ ಆಫುಲ್ ಟ್ರೂತ್’ ಎಂಬ ಪಕ್ಕಾ ಹಾಸ್ಯಚಿತ್ರ ಮಾಡಿ ಆಸ್ಕರ್ ಗೆದ್ದ. ವೇದಿಕೆಯಲ್ಲಿ ಧನ್ಯವಾದ ಹೇಳಿ, ಆದರೆ ಕೊಟ್ಟದ್ದು ತಪ್ಪು ಚಿತ್ರಕ್ಕೆ ಎಂದ. ಜಪಾನಿ ನಿರ್ದೇಶಕ ಓಝು ಅವರ ‘ಟೋಕಿಯೋ ಸ್ಟೋರಿ’ಯ ಚಿತ್ರಕಥೆಗಾರ ಕೋಗೊ ನೋಡಾ ‘ಮೇಕ್ ವೇ ಫಾರ್ ಟುಮಾರೋ’ ಕಂಡಿದ್ದರು, ಅದರ ನೆರಳು 1953ರ ಆ ಜಪಾನಿ ಚಿತ್ರದ ಮೇಲೆ ಬಿದ್ದಿದೆ.

ಕಳೆದ ಸಲ ಇದೇ ಪ್ರಶ್ನೆ ಕೇಳಿದ್ದು ನನ್ನ ಕಾಲೇಜಿನ ಗೆಳೆಯ. ನಾನು ಇಷ್ಟುದ್ದ ಹೇಳಲಿಲ್ಲ. ‘ಯಾರ ಮನೆಯಲ್ಲಿ ಸೇರಿಸೋಣ ಹೇಳು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಮ್ಮದು ಬರೀ ಟೂ ಬಿಎಚ್‌ಕೆ ಕಣೋ’ ಅಂದ.