ಇದ್ದಿಲ ಗುಂಡಿ

ಮೂಡಿಗೆರೆ ಕಡೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯೋದು) ಮುಗಿದಿದೆ. ಪಕ್ಕದ ತೋಟದ ಅಣ್ಣ ಇವತ್ತು ಕೊಂಬೆಗಳನ್ನು ಗುಂಡಿಯಲ್ಲಿ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಯ್ದರು. ಚುಂಯ್ ಅಂತ ಸದ್ದು ಮಾರಾಯ್ರೆ!

ಸಿಕ್ಕಿದ್ದು ಇದ್ದಿಲು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು. ಮಣ್ಣಿಗೆ ಹಾಕಿದರೆ ನೀರು, ಗೊಬ್ಬರದ ಸಾರ ನಿಲ್ಲುವುದು ಅಲ್ಲೇ.

ಕೊಂಬೆ ಸುಮ್ನೆ ಕೊಳೆತರೆ ಅದರ ಇಂಗಾಲ ಬೇಗ ಗಾಳಿಗೆ ಹೋಗುತ್ತದೆ. ಇದ್ದಿಲಾದರೆ ಅದರಲ್ಲಿ ಉಳಿದಿದ್ದು ಬಹುಪಾಲು ನೂರಾರು ವರ್ಷ ಮಣ್ಣಲ್ಲೇ. ಯೂರಿಯಾ ಹಾಕಿದ ಮಣ್ಣಿಂದ ಏಳುವ ನೈಟ್ರಸ್ ಆಕ್ಸೈಡ್ (ಭೂಮಿಯನ್ನು ಬಿಸಿ ಮಾಡುವ ಅನಿಲ) ಕೂಡ ಸಾಮಾನ್ಯವಾಗಿ ಕಡಿಮೆ. ನಮ್ಮ ಹುಳಿ ಮಣ್ಣಿಗೆ ಒಳ್ಳೆಯದೇ, ಅಲ್ವಾ?

ಬರೀ ಇದ್ದಿಲು ಸುರಿಯಬೇಡಿ ಮಾತ್ರ. ಗಿಡದ ಸಾರಜನಕವನ್ನು ಮೊದಲು ಅದೇ ಹಿಡಿದುಕೊಳ್ಳುತ್ತದೆ. ಸಗಣಿ, ಗಂಜಲದಲ್ಲಿ ನೆನೆಸಿ ಹಾಕಬೇಕು. ಇಳುವರಿ ಡಬಲ್ ಅನ್ನೋರನ್ನು ನಾನಂತೂ ನಂಬಲ್ಲ.

ಮೆಣಸಿನ ಬಳ್ಳಿಗೆ ಯಾರಾದರೂ ಹಾಕಿ ನೋಡಿದ್ದೀರಾ?