ಬಿಟ್ಟಿ ಸಿಗರೇಟು

ನಿನ್ನೆ ಸಂಜೆ ಜಯನಗರ 4ನೇ ಬ್ಲಾಕ್‌ನಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಹೆಗಲಿಗೆ ಬ್ಯಾಗ್ ಹಾಕಿದ್ದ ಹುಡುಗನೊಬ್ಬ ಬಂದು, "ಹೊಸ ಫ್ಲೇವರ್ ಸರ್, ಫ್ರೀ, ಒಂದು ಸೇದಿ ನೋಡಿ" ಅಂತ ಪ್ಯಾಕ್ ಮುಂದೆ ಹಿಡಿದ. ಪಕ್ಕದಲ್ಲಿದ್ದ ಕಾಲೇಜು ಹುಡುಗರಿಬ್ಬರು ಕೈ ಚಾಚಿಯೇ ಬಿಟ್ಟರು. ನನಗೆ ಎದೆ ಧಸಕ್ ಅಂತು.

ನಮ್ಮ ಚಿಕ್ಕಪ್ಪನಿಗೂ ಮೊದಲನೆಯದು ಬಿಟ್ಟಿಯಾಗೇ ಸಿಕ್ಕಿದ್ದು, ಸ್ನೇಹಿತರಿಂದ. ಕೊನೆಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಆ ಉಸಿರಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸುಮ್ನೆ ಲೆಕ್ಕ ಹಾಕಿ. ಒಂದಕ್ಕೆ 20 ರೂಪಾಯಿ ಅಂದುಕೊಂಡರೂ ದಿನಕ್ಕೆ ಐದು ಸೇದಿದರೆ 100, ವರ್ಷಕ್ಕೆ 36,500. ಆಸ್ಪತ್ರೆ ಖರ್ಚು ಬೇರೆ. ಒಂದನ್ನು ಫ್ರೀ ಕೊಟ್ಟವರಿಗೆ ನಷ್ಟವೇನಿಲ್ಲ ಅಲ್ವಾ? ಪ್ರಚಾರಕ್ಕೆ ಹೀಗೆ ಹಂಚುವುದು 2003ರ ತಂಬಾಕು ಕಾಯ್ದೆಗೇ ವಿರುದ್ಧ. ನಮ್ಮ ರಾಜ್ಯದಲ್ಲಂತೂ ಈಗ 21 ತುಂಬದವರಿಗೆ ಮಾರುವಂತೆಯೇ ಇಲ್ಲ.

ಬಿಡಬೇಕು ಅನ್ನುವವರಿಗೆ ಪ್ಯಾಕಿನ ಮೇಲೇ ನಂಬರ್ ಇದೆ: 1800-11-2356. ಕರೆ ಉಚಿತ. ಇದೊಂದು ಫ್ರೀ ಮಾತ್ರ ಧೈರ್ಯವಾಗಿ ತೆಗೆದುಕೊಳ್ಳಿ.

"ಬೇಡ ಕಣ್ರಪ್ಪಾ" ಅಂದೆ ಆ ಹುಡುಗರಿಗೆ. ಒಬ್ಬ ವಾಪಸ್ ಕೊಟ್ಟ. ಇನ್ನೊಬ್ಬ ಕಿವಿಗೆ ಸಿಕ್ಕಿಸಿಕೊಂಡು ಬಸ್ ಹತ್ತಿದ.