ಮಿನಿಕಾಯ್: ಎರೆಯಿಂದ ಮಾಸ್‌ಮೀನಿನವರೆಗೆ

ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ ಟ್ಯೂನಾ ಮೀನಿನ ಬೇಟೆಯ ದಿನ ಶುರುವಾಗುವುದು ಹೊರಗಡಲಲ್ಲಲ್ಲ, ಲಗೂನಿನಲ್ಲಿ. ದೋಣಿ ಹವಳದ ದಂಡೆಯೊಳಗಿನ ತಿಳಿನೀರಲ್ಲಿ ನಿಲ್ಲುತ್ತದೆ. ಬಲೆಯನ್ನು ತಳಕ್ಕೆ ಇಳಿಸಿ, ಬೆರಳುದ್ದದ ಮೀನುಗಳು ಅದರ ಮೇಲೆ ಕೂಡಿದಾಗ ಎಲ್ಲ ಮೂಲೆಗಳಿಂದ ಒಟ್ಟಿಗೆ ಎತ್ತುತ್ತಾರೆ. ಟ್ಯೂನಾವನ್ನು ಸೆಳೆಯಲು ಬಳಸುವ ಈ ಎರೆಮೀನು ಬಲು ನಾಜೂಕು, ಹುರುಪೆ ಉದುರಿದರೆ ಬದುಕುವುದಿಲ್ಲ. ದೋಣಿಯೊಳಗಿನ ತೊಟ್ಟಿಗೆ ತಳದಲ್ಲಿ ತೂತುಗಳಿವೆ. ಅಲ್ಲಿಂದ ಕಡಲನೀರು ಒಳಬರುತ್ತಲೇ ಇರಬೇಕು, ಹೆಚ್ಚಾದದ್ದು ಹೊರಹೋಗುತ್ತಲೇ ಇರಬೇಕು. ಹರಿವು ನಿಂತರೆ ಎರೆ ಉಸಿರುಕಟ್ಟಿ ಸಾಯುತ್ತದೆ. ಆಮೇಲೆ ಹೊರಗಡಲಿಗೆ ಹೋದರೂ ಡೀಸೆಲ್ ದಂಡ.

ಹೊರಗೆ ಎಲ್ಲರ ಕಣ್ಣೂ ಹಕ್ಕಿಗಳ ಮೇಲೆ. ಅವು ಮುತ್ತಿದಲ್ಲಿ ಟ್ಯೂನಾದ ಹಿಂಡು ಇದೆ ಎಂದರ್ಥ. ಒಬ್ಬ ಜೀವಂತ ಎರೆ ಎರಚುತ್ತಾನೆ, ದೋಣಿಯ ಹಿಂಬದಿಯಿಂದ ನೀರು ಚಿಮ್ಮಿಸುತ್ತಾರೆ. ಕದಡಿದ ನೀರಲ್ಲಿ ಟ್ಯೂನಾಕ್ಕೆ ಎರೆ ಯಾವುದು, ಗಾಳ ಯಾವುದು ತಿಳಿಯದು. ಕೊಕ್ಕೆಗೆ ಹಿಮ್ಮುಳ್ಳಿಲ್ಲ; ಕೋಲು ಎತ್ತಿ ಬೀಸಿ ದಾರ ಸಡಿಲಿಸಿದರೆ ಮೀನು ತಾನೇ ಕಳಚಿ ದೋಣಿಗೆ ಬೀಳುತ್ತದೆ. ಒಂದು ಕೋಲಿಗೆ ಒಂದು ಮೀನು. ದೊಡ್ಡ ಬಲೆಯಂತೆ ಬೇಡದ ಜೀವಿಗಳನ್ನೆಲ್ಲ ಬಾಚುವುದಿಲ್ಲ ಎಂಬುದೇ ಈ ಪದ್ಧತಿಯ ಹಿರಿಮೆ.

ದಡದಲ್ಲಿ ಮೀನನ್ನು ಉದ್ದುದ್ದ ಸೀಳಿ, ಉಪ್ಪುನೀರಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆಗಿಟ್ಟು, ಬಿಸಿಲಲ್ಲಿ ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಇದೇ ಮಾಸ್‌ಮೀನು. ಸುಮಾರು 5 ಕಿಲೋ ಹಸಿಮೀನಿಗೆ 1 ಕಿಲೋ ಸಿಗುತ್ತದೆ. ಕೆಡುವುದು ಹೆಚ್ಚಾಗಿ ಬೇಯಿಸುವ ಮೊದಲೇ: ಬಿಸಿಲಲ್ಲಿ ಬಿದ್ದ ಟ್ಯೂನಾದಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಹುಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗದು. ಸರಿಯಾಗಿ ಒಣಗಿದ್ದಕ್ಕೆ ಐಸು ಬೇಡ, ತಿಂಗಳುಗಟ್ಟಲೆ ಇಟ್ಟರೂ ಕೆಡದು. ಹಡಗಿಗೆ ಕಾಯಬೇಕಾದ ಊರಿಗೆ ಇದಕ್ಕಿಂತ ಒಪ್ಪುವ ಸರಕು ನನಗೆ ಕಾಣದು. ನದಿಯಿಲ್ಲ, ಗದ್ದೆಯಿಲ್ಲ, ಅಕ್ಕಿ, ಡೀಸೆಲ್, ಸಿಮೆಂಟು ಎಲ್ಲವೂ ಹೊರಗಿನಿಂದಲೇ ಬರಬೇಕು. ಲಕ್ಷದ್ವೀಪದ ಇತರ ದ್ವೀಪಗಳಿಗೆ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳು ಇಂದಿಗೂ ಸಾಮಾನು ಒಯ್ಯುತ್ತವೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ. ಮುಂಗಾರಿನಲ್ಲಿ ಕಡಲು ಎದ್ದರೆ ಈ ಸಾಗಾಟ ನಿಲ್ಲುತ್ತದೆ.

ಲಕ್ಷದ್ವೀಪದ ಸುತ್ತ ಸುಮಾರು 4 ಲಕ್ಷ ಚದರ ಕಿ.ಮೀ. ಕಡಲು ಮೀನು ಹಿಡಿಯುವ ಹಕ್ಕು ನಮ್ಮ ದೇಶಕ್ಕಿರುವ ಆರ್ಥಿಕ ವಲಯದಲ್ಲಿದೆ, ದೊಡ್ಡ ದೋಣಿ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎರೆ ಹಿಡಿಯುವುದು ಲಗೂನಿನಲ್ಲಿ, ಎರೆಮೀನುಗಳಲ್ಲಿ ಹಲವಕ್ಕೆ ಆಸರೆ ಹವಳ. 1998ರಲ್ಲಿ ಕಡಲು ಕಾದು ಇಲ್ಲಿನ ಹವಳ ರಾಶಿರಾಶಿಯಾಗಿ ಬೆಳ್ಳಗಾಗಿ ಸತ್ತಿತ್ತು. ಜೆಟ್ಟಿಗೆಂದು ತಳ ಅಗೆದರೆ ಎದ್ದ ಮರಳು ಉಳಿದ ಹವಳದ ಮೇಲೆ ಕೂರುತ್ತದೆ. ಅಗೆಯುವ ಮೊದಲು ಹಳ್ಳಿಯ ಮುಖ್ಯಸ್ಥರಾದ ಮೂಪನ್‌ರನ್ನೂ ಮೀನುಗಾರರನ್ನೂ ಕೂರಿಸಿಕೊಂಡು, ಎರೆ ಸಿಗುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಷ್ಟನ್ನು ಮುಟ್ಟದೆ ಬಿಡಬೇಕು.